ಆರ್‌ಟಿಸಿಯ ನಡುವಿನ ಅಕ್ಷರ

ಇಂಗ್ಲಿಷ್ ಓದಲು ಬಾರದವರೂ ಸಲೀಸಾಗಿ ಬಳಸುವ ಇಂಗ್ಲಿಷ್ ಮಾತು ಯಾವುದು ಎಂದು ದಕ್ಷಿಣ ಕನ್ನಡದಲ್ಲೋ ಉಡುಪಿಯಲ್ಲೋ ಯಾರಾದರೂ ಕೇಳಿದರೆ, ಆರ್‌ಟಿಸಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಸೊಸೈಟಿಗೆ ಬೆಳೆಸಾಲಕ್ಕೆ ಹೋದರೆ ಆರ್‌ಟಿಸಿ ಕೇಳುತ್ತಾರೆ, ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆ ಹೋದರೆ ಆರ್‌ಟಿಸಿ ಕೇಳುತ್ತಾರೆ, ಕೋರ್ಟಿನಲ್ಲಿ ಯಾರಿಗಾದರೂ ಜಾಮೀನು ನಿಲ್ಲುವುದಿದ್ದರೆ ಅಲ್ಲಿಯೂ ಆರ್‌ಟಿಸಿಯೇ ಬೇಕಾಗುತ್ತದೆ. ತುಳುವಿನಲ್ಲಿ ‘ಆರ್‌ಟಿಸಿ ಉಂಡಾ?’ ಎನ್ನುತ್ತಾರೆ, ಬ್ಯಾರಿ, ಕೊಂಕಣಿ, ಕುಂದಾಪುರದ ಕನ್ನಡ ಆಡುವವರು ತಮ್ಮ ತಮ್ಮ ನುಡಿಯ ಕ್ರಿಯಾಪದವನ್ನು ಅದಕ್ಕೆ ಜೋಡಿಸಿಕೊಳ್ಳುತ್ತಾರೆ. ಮೂರಕ್ಷರ ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಅದನ್ನು ಬಿಡಿಸಿ ಹೇಳಿ ಎಂದರೆ ಹೆಚ್ಚಿನವರು ‘ಜಾಗದ ದಾಖಲೆ’ ಎನ್ನುತ್ತಾರೆ, ಮುಂದಕ್ಕೆ ಹೋಗುವುದಿಲ್ಲ. ವ್ಯವಹಾರಕ್ಕೆ ಅಷ್ಟು ಸಾಕು. ಆದರೆ ಆ ಮೂರಕ್ಷರಗಳ ನಡುವೆ ಕುಳಿತಿರುವ ‘ಟಿ’ ಈ ಕರಾವಳಿಯ ಅರ್ಧ ಶತಮಾನದ ಚರಿತ್ರೆಯನ್ನು ಹೊತ್ತುಕೊಂಡಿದೆ. ಅದನ್ನು ನಾವು ಓದದೆ ದಾಟಿಸಿಕೊಂಡು ಬರುತ್ತಿದ್ದೇವೆ ಎಂಬ ಭಾವನೆ ಕೆಲವು ಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿದೆ.

ಈ ಯೋಚನೆಗೆ ನೆಪವಾದದ್ದು ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ, ನನ್ನ ಸೋದರಮಾವನ ಮೊಮ್ಮಗಳು. ರಜೆಯಲ್ಲಿ ಊರಿಗೆ ಬಂದಿದ್ದವಳು, ಮಾವ ಯಾರಲ್ಲಿಯೋ ಫೋನಿನಲ್ಲಿ ‘ಆರ್‌ಟಿಸಿ ಕಪಾಟಿನಲ್ಲೇ ಉಂಟು, ನಾಳೆ ತೆಗೆದುಕೊಂಡು ಬರುತ್ತೇನೆ’ ಎಂದದ್ದನ್ನು ಕೇಳಿ ಅಚ್ಚರಿಪಟ್ಟಳು. ಅವಳಿಗೆ ಆರ್‌ಟಿಸಿ ಎಂದರೆ ಬಸ್ಸು. ಅವಳ ನಗರದಲ್ಲಿ ಆರ್‌ಟಿಸಿ ಕ್ರಾಸ್ ರೋಡ್ಸ್ ಎಂಬ ಹೆಸರಾಂತ ವೃತ್ತವೇ ಇದೆ. ಮಾವ ಕಪಾಟು ತೆರೆದು, ಪ್ಲಾಸ್ಟಿಕ್ ಹೊದಿಕೆಯೊಳಗಿನ ಹಾಳೆಯನ್ನು ತೆಗೆದು, ‘ನಮ್ಮ ಆರ್‌ಟಿಸಿ ಇದು’ ಎಂದು ತೋರಿಸಿದರು. ಅವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಟಿ ಅಂದರೆ ಏನು ಅಜ್ಜ?’ ಎಂದು ಕೇಳಿದಳು. ಮಾವನಲ್ಲಿ ಕೂಡಲೇ ಉತ್ತರ ಇರಲಿಲ್ಲ.

ಬಸ್ಸಿನ ಮೇಲಿರುವ ಅಕ್ಷರಗಳು

ಮೊದಲು ಅವಳ ಆರ್‌ಟಿಸಿಯನ್ನು ನೋಡೋಣ. ಅದರ ಮೂಲ 1950ರ ರಸ್ತೆ ಸಾರಿಗೆ ನಿಗಮಗಳ ಕೇಂದ್ರ ಕಾಯಿದೆಯಲ್ಲಿದೆ. ರೋಡ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಶನ್ ಎಂಬ ಹೆಸರು ಅಲ್ಲಿಂದ ಬಂತು. ಒಂದೊಂದು ರಾಜ್ಯವೂ ಅದರ ಹಿಂದೆ ತನ್ನ ಹೆಸರಿನ ಮೊದಲಕ್ಷರವನ್ನು ಸೇರಿಸಿಕೊಂಡಿತು. ತೆಲುಗು ನಾಡಿನಲ್ಲಿ ರಾಜ್ಯದ ಹೆಸರು ಆಡುಮಾತಿನಲ್ಲಿ ಉದುರಿಹೋಗಿ ಆರ್‌ಟಿಸಿ ಮಾತ್ರ ಉಳಿಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಮಂಗಳೂರಿನ ರಸ್ತೆಗಳು ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದು. ಸ್ವಾತಂತ್ರ್ಯಕ್ಕೂ ಮುಂಚೆಯೇ ಇಲ್ಲಿ ಸಿಪಿಸಿ ಎಂಬ ಇನ್ನೊಂದು ಮೂರಕ್ಷರ, ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್, ಮನೆಮಾತಾಗಿತ್ತು. ಹೀಗಾಗಿ ನಿಗಮದ ಬಸ್ಸು ನಮಗೆ ‘ಸರಕಾರಿ ಬಸ್ಸು’ ಆಯಿತು, ಇಲ್ಲವೇ ಐದಕ್ಷರವನ್ನೂ ಒಂದೇ ಉಸಿರಿಗೆ ಎಳೆದು ‘ಕೆಎಸ್ಸಾರ್ಟಿಸಿ’ ಆಯಿತು. ಅದರಲ್ಲಿ ಕೊನೆಯ ಮೂರಕ್ಷರ ಕಿವಿಗೆ ಬಿದ್ದರೂ ಅದಕ್ಕೂ ಕಪಾಟಿನ ಕಾಗದಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋರುವುದಿಲ್ಲ.

ಆದರೆ ಈ ಐದಕ್ಷರದ ಮೊದಲನೆಯದು ಮಂಗಳೂರಿಗರಿಗೆ ಬೇರೆಯದೇ ಅನುಭವವನ್ನು ಕೊಟ್ಟಿದೆ. ಕಾಸರಗೋಡಿಗೆ ಹೋಗುವ ರಸ್ತೆಯಲ್ಲಿ ಎರಡು ರಾಜ್ಯಗಳ ಬಸ್ಸುಗಳೂ ಓಡುತ್ತವೆ, ಎರಡೂ ಕೆಎಸ್‌ಆರ್‌ಟಿಸಿ. ದೂರದಿಂದಲೇ ಗುರುತಿಸಬೇಕಾದರೆ ನಂಬರ್ ಪ್ಲೇಟಿನಲ್ಲಿ ಕೆಎ 19 ಎಫ್ ಇದೆಯೋ ಕೆಎಲ್ 15 ಇದೆಯೋ ಎಂದು ನೋಡಬೇಕು. ನಮ್ಮ ನಿಗಮ ಹುಟ್ಟಿದ್ದು 1961ರಲ್ಲಿ, ಆದರೆ ಆಗ ಅದು ಮೈಸೂರು ರಾಜ್ಯದ ಎಂಎಸ್‌ಆರ್‌ಟಿಸಿ; 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೆಯೇ ಅದಕ್ಕೆ ‘ಕೆ’ ಸಿಕ್ಕಿತು. ಕೇರಳದ ನಿಗಮಕ್ಕೆ 1965ರಿಂದಲೂ ‘ಕೆ’ ಇದೆ. ಒಂದೇ ಅಕ್ಷರದ ಒಡೆತನಕ್ಕಾಗಿ ಎರಡು ನಿಗಮಗಳು ಟ್ರೇಡ್‌ಮಾರ್ಕ್ ಕಚೇರಿಯ ಮೆಟ್ಟಿಲು ಹತ್ತಿದವು. 2021ರಲ್ಲಿ ಹೆಸರು ಕೇರಳಕ್ಕೆ ದಕ್ಕಿತೆಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ಈ ನಡುವೆ ತಲಪಾಡಿಯ ಗಡಿ ದಾಟಿ ದಿನಾ ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಬರುವವರು ಮೊದಲು ಬಂದ ಬಸ್ಸನ್ನು ಹತ್ತಿಕೊಂಡೇ ಇದ್ದರು.

ತಲಪಾಡಿಯಲ್ಲಿ ಇನ್ನೊಂದು ವಿಚಾರವೂ ಇದೆ. ಗಡಿ ದಾಟಿದ ಕೂಡಲೇ ಕಾಗದದ ಆರ್‌ಟಿಸಿ ಮಾಯವಾಗುತ್ತದೆ, ಬಸ್ಸಿನ ಆರ್‌ಟಿಸಿ ಮಾತ್ರ ಉಳಿಯುತ್ತದೆ. 1956ರ ಅಕ್ಟೋಬರ್ ಕೊನೆಯ ತನಕ ಕಾಸರಗೋಡು ನಮ್ಮ ಜಿಲ್ಲೆಯ ತಾಲೂಕೇ ಆಗಿತ್ತು. ಎರಡೂ ಕಡೆಯ ಗದ್ದೆಗಳಿಗೆ ಮದ್ರಾಸ್ ಪ್ರಾಂತದ ಅಡಂಗಲ್ ಎಂಬ ಒಂದೇ ಲೆಕ್ಕಪುಸ್ತಕವಿತ್ತು. ಈಗ ಗಡಿಯಾಚೆಯ ಮಂಜೇಶ್ವರದ ಕೃಷಿಕನಿಗೆ ಕೇರಳದ ಭೂದಾಖಲೆಯ ತಂಡಪೇರ್ ಸಂಖ್ಯೆ ಬೇಕು, ಈಚೆಯ ತೊಕ್ಕೊಟ್ಟಿನ ಕೃಷಿಕನಿಗೆ ಆರ್‌ಟಿಸಿ ಬೇಕು.

(ಗಣಕಯಂತ್ರದ ಕೆಲಸದಲ್ಲಿರುವವರಿಗೆ ಆರ್‌ಟಿಸಿ ಎಂದರೆ ರಿಯಲ್ ಟೈಮ್ ಕ್ಲಾಕ್, ಅಂದರೆ ಯಂತ್ರವನ್ನು ಆರಿಸಿದ ಮೇಲೂ ಪುಟ್ಟ ಬ್ಯಾಟರಿಯ ಬಲದಿಂದ ಹೊತ್ತನ್ನು ಎಣಿಸುತ್ತಿರುವ ಗಡಿಯಾರ. ನಮ್ಮ ಜಿಲ್ಲೆಯ ಇನ್ನೊಂದು ಸಂಕ್ಷೇಪವನ್ನೂ ಇಲ್ಲಿ ಹೇಳಬೇಕು. ‘ನೈನ್ ಇಲೆವೆನ್ ಆಗಿದೆಯಾ?’ ಎಂದು ಪಂಚಾಯತಿನ ಜಗಲಿಯಲ್ಲಿ ಯಾರಾದರೂ ಕೇಳಿದರೆ ಅವರು ಮಾತಾಡುತ್ತಿರುವುದು ನಿವೇಶನದ ಫಾರಂ 9 ಮತ್ತು 11ರ ಬಗ್ಗೆ. ಲೋಕವೆಲ್ಲ ಆ ಅಂಕೆಗಳನ್ನು ಒಂದು ದುರಂತದ ಹೆಸರಾಗಿ ಬಲ್ಲದು.)

ಕಾಗದದೊಳಗೆ

ಇನ್ನು ಕಪಾಟಿನ ಆರ್‌ಟಿಸಿ. ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಆ್ಯಂಡ್ ಕ್ರಾಪ್ಸ್ ಎಂಬುದು ಅದರ ಪೂರ್ಣ ರೂಪ. ಹಕ್ಕು, ಗೇಣಿ, ಬೆಳೆ, ಈ ಮೂರೂ ಒಂದೇ ಹಾಳೆಯಲ್ಲಿ ಇರಬೇಕು ಎಂಬುದು ಅದರ ಉದ್ದೇಶ. 1956ರಲ್ಲಿ ರಾಜ್ಯ ಒಂದಾದಾಗ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಬಗೆಯ ಕಂದಾಯ ಪದ್ಧತಿಗಳು ಒಟ್ಟಿಗೆ ಬಂದವು. 1964ರ ಭೂಕಂದಾಯ ಕಾಯಿದೆ ಇವಕ್ಕೆಲ್ಲ ಒಂದೇ ಅಚ್ಚು ಹಾಕಿತು, 1966ರ ನಿಯಮಗಳು ನಮೂನೆ 16ನ್ನು ಕೊಟ್ಟವು. ಘಟ್ಟದ ಮೇಲಿನವರು ಅದನ್ನು ಪಹಣಿ ಎನ್ನುತ್ತಾರೆ. ನೋಡುವುದು, ಪರಿಶೀಲಿಸುವುದು ಎಂಬ ಅರ್ಥದ ಆ ಮರಾಠಿ ಮಾತು ಮುಂಬಯಿ, ಹೈದರಾಬಾದ್ ಆಡಳಿತದ ನಂಟಿರುವವರಿಗೆ ಮೊದಲೇ ಪರಿಚಿತವಾಗಿತ್ತು. ಮದ್ರಾಸಿನಿಂದ ಬಂದ ನಮಗೆ ಆ ಮಾತಿನ ರೂಢಿ ಇರಲಿಲ್ಲ. ಅಡಂಗಲ್ ಹೋದ ಜಾಗಕ್ಕೆ ನಾವು ಕಚೇರಿಯವರ ಬಾಯಲ್ಲಿದ್ದ ಮೂರಕ್ಷರವನ್ನೇ ನೇರವಾಗಿ ಕೂರಿಸಿಕೊಂಡೆವು ಎಂದು ನನ್ನ ಊಹೆ.

ಅಚ್ಚು ಒಂದೇ ಆದರೂ ಒಳಗಿನ ಮಣ್ಣು ಬೇರೆಯೇ. ಘಟ್ಟದ ಮೇಲೆ ಎಕರೆ, ಗುಂಟೆ. ಇಲ್ಲಿ ಇಂದಿಗೂ ಎಕ್ರೆ, ಸೆಂಟ್ಸ್. ಅಲ್ಲಿ ಎಕರೆಗೆ 40, ಇಲ್ಲಿ 100. ಅಲ್ಲಿ ತರಿ (ನೀರಿನ ಗದ್ದೆ), ಖುಷ್ಕಿ (ಒಣಭೂಮಿ) ಎಂದಿರುವುದು ನಮ್ಮ ದಸ್ತಾವೇಜುಗಳಲ್ಲಿ ನಂಜ, ಪುಂಜ. ವರ್ಗ, ಅಂದರೆ ಪಟ್ಟಾ ಜಮೀನಿನ ಗಡಿಯಿಂದ 100 ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆಗೆ ಇರುವ ಕುಮ್ಕಿ ಎಂಬ ಸವಲತ್ತನ್ನು ಘಟ್ಟದ ಮೇಲಿನ ಅಧಿಕಾರಿಗೆ ವಿವರಿಸಿ ಹೇಳುವುದು ಇಲ್ಲಿನ ಕೃಷಿಕರಿಗೆ ವಾಡಿಕೆಯ ಕೆಲಸ. ಮಾಲಕರ ಹೆಸರು ಬರೆಯುವ ಒಂಬತ್ತನೇ ಕಾಲಮಿನಲ್ಲಿ ಒಂದು ಹೆಸರಿಗೆ ಬದಲು ಇಪ್ಪತ್ತು ಮೂವತ್ತು ಹೆಸರುಗಳ ಸಾಲೇ ಇರುವ ಆರ್‌ಟಿಸಿಗಳನ್ನು ನೋಡಬೇಕಾದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಕುಟುಂಬಗಳ ಜಾಗದ್ದನ್ನು ನೋಡಬೇಕು; ತಾಯಿ, ಆಕೆಯ ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ, ತೀರಿಹೋದವರೂ ಇರುತ್ತಾರೆ.

ನಾಡಕಚೇರಿಯೊಂದರ ಕಿಟಕಿಯ ಬಳಿ ಕಂಡ ದೃಶ್ಯವೊಂದು ನನಗೆ ಚೆನ್ನಾಗಿ ನೆನಪಿದೆ. ನನ್ನ ಮುಂದೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಒಳಗಿದ್ದ ಹುಡುಗಿ ‘ಸರ್ವೆ ನಂಬ್ರ ಹೇಳಿ ಅಮ್ಮ’ ಎಂದಳು. ಅವರು ಸೆರಗಿನ ಗಂಟು ಬಿಚ್ಚಿ, ತಮ್ಮ ಮಗ ಬರೆದುಕೊಟ್ಟ ಚೀಟಿಯನ್ನು ಚಾಚಿದರು. ಹಾಳೆ ಮುದ್ರಣವಾಗಿ ಬಂತು. ಅದನ್ನು ಕೈಯಲ್ಲಿ ಹಿಡಿದು, ‘ಇದರಲ್ಲಿ ನನ್ನ ಹೆಸರು ಎಲ್ಲಿ ಉಂಟು ಮಗಾ?’ ಎಂದು ಕೇಳಿದರು. ‘ಒಂಬತ್ತನೇ ಕಾಲಂ, ಇಲ್ಲಿ ನೋಡಿ’ ಎಂದು ಹುಡುಗಿ ಕಿಟಕಿಯಿಂದ ಕೈ ಹೊರಗೆ ಹಾಕಿ ಪೆನ್ನಿನ ತುದಿಯನ್ನು ಅಲ್ಲಿಟ್ಟಳು. ಅವರು ತೋರುಬೆರಳನ್ನು ಹೆಸರಿನ ಮೇಲೆ ಇಟ್ಟು, ಅಕ್ಷರ ಅಕ್ಷರವಾಗಿ ಓದಿ ಮುಗಿಸುವ ತನಕ ಅಲ್ಲಿಂದ ಕದಲಲಿಲ್ಲ. ಹಿಂದಿದ್ದ ನಾವು ಯಾರೂ ಅವಸರಪಡಿಸಲಿಲ್ಲ, ಏಕೆಂದರೆ ಹಾಳೆ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಒಂಬತ್ತನೇ ಕಾಲಮನ್ನೇ. ಸಾಲ ತೀರಿಸಿದವರು ಹನ್ನೊಂದನೇ ಕಾಲಮನ್ನೂ ನೋಡುತ್ತಾರೆ, ಬ್ಯಾಂಕಿನ ಅಡವು ಅಳಿಸಿಹೋಗಿದೆಯೋ ಇಲ್ಲವೋ ಎಂದು. ಹನ್ನೆರಡನೆಯದನ್ನು ನೋಡುವವರು ಕಡಿಮೆ. ಸಾಗುವಳಿ ಮಾಡುವವನ ಹೆಸರು, ಸಾಗುವಳಿಯ ಬಗೆ, ಬೆಳೆ ಎಲ್ಲ ಇರುವುದು ಅಲ್ಲಿ. ಆರ್‌ಟಿಸಿಯ ‘ಟಿ’ ಮತ್ತು ‘ಸಿ’ ಎರಡಕ್ಕೂ ಮನೆ ಅದೇ.

ಆ ಹಾಳೆಯ ಮೇಲೆ ಜನರಿಗಿರುವ ನಂಬಿಕೆ ಎಷ್ಟೆಂದರೆ ಅದನ್ನೇ ಒಡೆತನದ ಪತ್ರವೆಂದು ತಿಳಿಯುತ್ತಾರೆ. ಕಂದಾಯ ದಾಖಲೆಯ ನಮೂದು ತಾನಾಗಿ ಒಡೆತನವನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕ್ರಯಪತ್ರ, ವಿಭಾಗಪತ್ರ, ವೀಲುನಾಮೆಗಳ ಜಾಗ ಬೇರೆ. ಆದರೆ ಭೂಕಂದಾಯ ಕಾಯಿದೆಯ 133ನೇ ಕಲಮಿನ ಪ್ರಕಾರ, ತಪ್ಪೆಂದು ರುಜುವಾಗುವ ತನಕ ಅದರಲ್ಲಿರುವುದು ಸರಿ ಎಂದೇ ಎಣಿಸಬೇಕು. ಈ ಒಂದು ಎಣಿಕೆಯಿಂದಲೇ ಒಮ್ಮೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಹಣೆಬರಹ ಬದಲಾಯಿತು.

ಹನ್ನೆರಡನೇ ಕಾಲಂ

ನಮ್ಮ ಅಜ್ಜ ಗೇಣಿದಾರರಾಗಿದ್ದರು. ಇಲ್ಲಿ ಗೇಣಿಯಲ್ಲಿಯೂ ಮೇಲು ಕೆಳಗು ಇತ್ತು. ಮೂಲಗೇಣಿಯವನನ್ನು ಸುಲಭಕ್ಕೆ ಎಬ್ಬಿಸಲಾಗದು, ಚಾಲಗೇಣಿಯವನನ್ನು ಧಣಿಗಳ ಮನಸ್ಸು ತಿರುಗಿದರೆ ಎಬ್ಬಿಸಬಹುದು. ಅಜ್ಜನದ್ದು ಚಾಲಗೇಣಿ. ಗೇಣಿಯನ್ನು ಅಕ್ಕಿಯಲ್ಲಿ ಅಳೆಯಬೇಕಿತ್ತು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ಮರದ ಕೊಡತಿಯಿಂದ ಬಡಿದು ಉರುಟಾಗಿಸಿದ ಆ ಮುಡಿಗಳನ್ನು ತಲೆಯ ಮೇಲೆ ಹೊತ್ತು ಧಣಿಗಳ ಮನೆಯ ಚಾವಡಿಗೆ ತಲುಪಿಸುತ್ತಿದ್ದರು. ಬೆಳೆ ಹೆಚ್ಚಾಗಲಿ ಕಡಿಮೆಯಾಗಲಿ ಮುಡಿಯ ಲೆಕ್ಕ ಬದಲಾಗುತ್ತಿರಲಿಲ್ಲ.

ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು, ಉಳುತ್ತಿದ್ದವನು ಫಾರಂ 7ರಲ್ಲಿ ಅರ್ಜಿ ಕೊಟ್ಟು ಅದನ್ನು ತನ್ನ ಹೆಸರಿಗೆ ಕೇಳಬಹುದಾಯಿತು. ಈ ಅರ್ಜಿಗೆ ನಮ್ಮಲ್ಲಿ ‘ಡಿಕ್ಲರೇಶನ್’ ಎಂದು ಹೆಸರು. ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಎಂದರೆ ಇಂದಿಗೂ ಎಲ್ಲರಿಗೂ ಅರ್ಥವಾಗುತ್ತದೆ. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರಾಗಿದ್ದ ಭೂನ್ಯಾಯ ಮಂಡಳಿಯ ಮುಂದೆ ಮೊದಮೊದಲು ವಕೀಲರು ವಾದಿಸುವಂತಿರಲಿಲ್ಲ. ಅಜ್ಜ ತಾವೇ ನಿಂತು ಹೇಳಬೇಕಿತ್ತು. ಗೇಣಿ ರಶೀದಿ ಎಲ್ಲ ವರ್ಷಗಳದ್ದೂ ಇರಲಿಲ್ಲ. ‘ಆರ್‌ಟಿಸಿಯಲ್ಲಿ ಅವರ ಹೆಸರು ಬಿದ್ದಿದೆ ಎಂದು ಉಗ್ರಾಣಿ ಬಂದು ಹೇಳಿದ ಮೇಲೆಯೇ ನಿನ್ನ ಅಜ್ಜ ಆ ದಿನ ಉಂಡದ್ದು’ ಎಂದು ಅಜ್ಜಿ ಹೇಳುತ್ತಿದ್ದರು; ಉಗ್ರಾಣಿ ಎಂದರೆ ಗ್ರಾಮ ಸಹಾಯಕ. ಹೆಸರು ಬಿದ್ದದ್ದು ಹನ್ನೆರಡನೇ ಕಾಲಮಿನಲ್ಲಿ, ಸಾಗುವಳಿ ಮಾಡುವವನೆಂದು. ಮಂಡಳಿ ನೋಡಿದ್ದೂ ಅದನ್ನೇ. ಜಾಗ ಮಂಜೂರಾದ ಪತ್ರ, ಅಂದರೆ ಫಾರಂ 10, ಕೈಗೆ ಬಂದ ಮೇಲೆ ಆ ಹೆಸರು ಹನ್ನೆರಡರಿಂದ ಒಂಬತ್ತಕ್ಕೆ ಬಂತು. ನಮ್ಮ ಮನೆಯ ಮಟ್ಟಿಗೆ ‘ಟಿ’ ಇಲ್ಲದಿದ್ದರೆ ‘ಆರ್’ ಇರುತ್ತಿರಲಿಲ್ಲ.

ಎಲ್ಲರಿಗೂ ಹೀಗಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಬಾಯಿಮಾತಿನ ಗೇಣಿಯಲ್ಲಿ ದುಡಿದು, ಕಾಲಮಿನಲ್ಲಿ ‘ಸ್ವಂತ’ ಎಂದು ಧಣಿಯ ಹೆಸರೇ ಬರೆದಿದ್ದ ಕಾರಣಕ್ಕೆ ಬರಿಗೈಯಲ್ಲಿ ಹಿಂದಿರುಗಿದವರಿದ್ದರು. ಗಂಡ ತೀರಿಹೋದ ಮೇಲೆ ಎರಡೇ ಎಕ್ರೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿಯೇ ಬದುಕುತ್ತಿದ್ದ ಹೆಂಗಸರೂ ‘ಧಣಿ’ ಎಂಬ ಲೆಕ್ಕಕ್ಕೆ ಬಂದು ಜಾಗ ಕಳೆದುಕೊಂಡರು. ದೇವಸ್ಥಾನಗಳ, ಉಡುಪಿಯ ಮಠಗಳ ಗೇಣಿಯ ಭೂಮಿಯೂ ಹೋಯಿತು. ಇಷ್ಟೆಲ್ಲ ಇದ್ದರೂ, ಈ ಜಿಲ್ಲೆಯ ಶಾಲೆ ಕಾಲೇಜುಗಳಲ್ಲಿ ಆಮೇಲಿನ ತಲೆಮಾರು ಕೂತು ಓದುವಂತಾದದ್ದಕ್ಕೆ ಆ ಕಾಯಿದೆ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ, ಓದಿದವರಲ್ಲಿ ನಾನೂ ಒಬ್ಬ.

ಗೇಣಿ ಹೋಯಿತು, ಅಕ್ಷರ ಉಳಿಯಿತು. ಹೊಸದಾಗಿ ಭೂಮಿಯನ್ನು ಗೇಣಿಗೆ ಕೊಡುವುದನ್ನು, ಸೈನಿಕರು ಮತ್ತು ನಾವಿಕರಂಥ ಕೆಲವರ ಹೊರತು, ಕಾಯಿದೆಯೇ ನಿಷೇಧಿಸಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಆರ್‌ಟಿಸಿಗಳು ಗಣಕಕ್ಕೆ ಏರಿದಾಗ, ಹದಿನೈದು ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಹಾಳೆಯನ್ನು ಪಡೆಯುವಂತಾದಾಗಲೂ ಹೆಸರು ಹಾಗೆಯೇ ಮುಂದುವರಿಯಿತು. ಜನರು ಅದಕ್ಕೆ ಮತ್ತೂ ಒಂದು ಅರ್ಥ ಸೇರಿಸಿದ್ದರು: ಆರ್‌ಟಿಸಿ ಇದ್ದವನು ಕೃಷಿಕ, ಇಲ್ಲದವನು ಅಲ್ಲ. ಕೃಷಿಭೂಮಿ ಕೊಳ್ಳಬೇಕಾದರೆ ಮನೆತನದಲ್ಲಿ ಒಂದು ಆರ್‌ಟಿಸಿ ಇರಬೇಕು ಎಂಬ ಕಾಲವದು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಆ ಬೇಲಿಯೂ ಇಲ್ಲ. ಮೊನ್ನೆ ಮೊನ್ನೆ ಆಧಾರ್ ಜೋಡಣೆ, ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಎಂದು ಕಂದಾಯ ಇಲಾಖೆ ಮನೆ ಮನೆಗೆ ಬಂದದ್ದೂ ಒಂಬತ್ತನೇ ಕಾಲಮಿಗಾಗಿಯೇ.

ಹಡಿಲು ಗದ್ದೆಯಲ್ಲಿ

ಹಾಗಾದರೆ ‘ಟಿ’ ಖಾಲಿಯೇ? ನಮ್ಮ ಮನೆಯ ಕೆಳಗಿನ ಬೈಲನ್ನು ನೋಡಿದರೆ ಹಾಗೆ ಹೇಳಲು ನನಗೆ ಸಾಧ್ಯವಿಲ್ಲ. ಅಲ್ಲಿ ಮಳೆಗಾಲದ ಏಣೆಲು, ಆಮೇಲಿನ ಸುಗ್ಗಿ ಎಂದು ಎರಡು ಬೆಳೆಯಾಗುತ್ತಿದ್ದ, ನೀರಿದ್ದ ಕಡೆ ಕೊಳಕೆ ಎಂಬ ಮೂರನೆಯದೂ ಆಗುತ್ತಿದ್ದ ಗದ್ದೆಗಳು ಹಡಿಲು, ಅಂದರೆ ಬೇಸಾಯವಿಲ್ಲದೆ ಪಾಳು, ಬಿದ್ದಿದ್ದವು. ಮಾಲಕರು ಒಬ್ಬರು ಮುಂಬಯಿಯಲ್ಲಿ, ಒಬ್ಬರು ದುಬಾಯಿಯಲ್ಲಿ. ನೆರೆಯವರೊಬ್ಬರು ಅವನ್ನು ಕೇಳಿ ತೆಗೆದುಕೊಂಡು, ಹುಣಿ ಕಟ್ಟಿ, ತೋಡಿನ ಹೂಳು ತೆಗೆದು, ಈಗ ಏಣೆಲು ಬೆಳೆಯುತ್ತಿದ್ದಾರೆ. ಒಪ್ಪಂದವೆಲ್ಲ ಫೋನಿನಲ್ಲಿ. ಮಾಲಕರಿಗೆ ವರ್ಷಕ್ಕೆ ಊಟದಕ್ಕಿ ಕೊಡುತ್ತಾರೆ. ಅದನ್ನು ಯಾರೂ ಗೇಣಿ ಎನ್ನುವುದಿಲ್ಲ.

ಕಳೆದ ಮಳೆಗಾಲದ ಮುಂಚೆ ಅವರ ಜೊತೆ ನಾನೂ ಎಂಒ 4 ಎಂಬ ಭತ್ತದ ತಳಿಯ ಬೀಜಕ್ಕಾಗಿ ಹೋಗಿದ್ದೆ. ‘ಆರ್‌ಟಿಸಿ ಯಾರ ಹೆಸರಿನಲ್ಲಿ ಉಂಟು?’ ಎಂಬ ಪ್ರಶ್ನೆ ಬಂತು. ಅವರು ಮೊಬೈಲು ತೆಗೆದು, ದುಬಾಯಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಾಳೆಯನ್ನು ತೋರಿಸಿದರು. ಬೀಜ ಸಿಕ್ಕಿತು, ಆದರೆ ಬರೆದುಕೊಂಡ ರೈತನ ಹೆಸರು ಮಾಲಕರದ್ದು. ನೆರೆ ಬಂದು ಪೈರು ಕೊಳೆತಾಗ ಪರಿಹಾರ ಬರುವುದೂ ಆರ್‌ಟಿಸಿಯ ಜೊತೆ ಜೋಡಿಸಿದ ಖಾತೆಗೆ. ಬೆಳೆ ಸಮೀಕ್ಷೆಯಲ್ಲಿ ಗದ್ದೆಯ ಫೋಟೊ ತೆಗೆದು ಭತ್ತ ಎಂದು ನಮೂದಿಸುತ್ತಾರೆ, ಹೀಗಾಗಿ ‘ಸಿ’ ಸರಿಯಾಗಿಯೇ ಇರುತ್ತದೆ. ಆ ಭತ್ತವನ್ನು ಯಾರು ಬೆಳೆದರು ಎಂಬುದು ಮಾತ್ರ ಎಲ್ಲಿಯೂ ಇಲ್ಲ.

‘ನಿಮ್ಮ ಹೆಸರು ಹನ್ನೆರಡನೇ ಕಾಲಮಿನಲ್ಲಿ ಬರುವಂತೆ ಅವರಲ್ಲಿ ಕೇಳಬಾರದೇ?’ ಎಂದು ನಾನು ಬರುವ ದಾರಿಯಲ್ಲಿ ಕೇಳಿದೆ. ‘ಕೇಳಿದರೆ ಗದ್ದೆ ಸಿಗುವುದಿಲ್ಲ ಮಾರಾಯ್ರೆ’ ಎಂದರು. ಅವರ ಮಾತು ಸರಿಯಾಗಿತ್ತು. ಮಾಲಕರ ಅಜ್ಜ 1974ರಲ್ಲಿ ಕಳೆದುಕೊಂಡವರು. ಹನ್ನೆರಡನೇ ಕಾಲಮಿನಲ್ಲಿ ಇನ್ನೊಬ್ಬರ ಹೆಸರು ಬಿದ್ದರೆ ಏನಾಗುತ್ತದೆ ಎಂಬುದನ್ನು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗೆ ಅನ್ನ ಕೊಟ್ಟ ಅದೇ ಕಾಲಂ ಅವರಿಗೆ ಭಯವಾಗಿ ಉಳಿದಿದೆ. ಕರಾವಳಿಯಲ್ಲಿ ಎಷ್ಟೋ ಗದ್ದೆಗಳು ಹಡಿಲು ಬೀಳುವುದಕ್ಕೆ ಕೂಲಿಯ ದರ, ಆಳಿನ ಕೊರತೆ ಕಾರಣವೆಂದು ಹೇಳುತ್ತೇವೆ. ಅದು ನಿಜ. ಈ ಭಯವನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ನನಗೆ ತೋರುತ್ತದೆ.

ದಾರಿ ಇಲ್ಲವೆಂದಲ್ಲ. ನೀತಿ ಆಯೋಗ 2016ರಲ್ಲಿಯೇ ಕೃಷಿಭೂಮಿ ಗುತ್ತಿಗೆಯ ಮಾದರಿ ಕಾಯಿದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಆಂಧ್ರಪ್ರದೇಶ 2019ರಲ್ಲಿ ಬೆಳೆಗಾರರ ಹಕ್ಕುಗಳ ಕಾಯಿದೆ ತಂದು, ಹನ್ನೊಂದು ತಿಂಗಳ ಬರಹದ ಒಪ್ಪಂದದ ಮೇಲೆ ಉಳುವವನಿಗೆ ಬೇರೆಯೇ ಕಾರ್ಡು ಕೊಡುವ ಏರ್ಪಾಡು ಮಾಡಿತು. ಬೆಳೆಸಾಲ, ವಿಮೆ, ಪರಿಹಾರಗಳ ಹಕ್ಕು ಬೆಳೆದವನಿಗೆ, ಭೂಮಿಯ ಹಕ್ಕು ಮಾಲಕನಿಗೆ ಎಂದು ಎರಡನ್ನೂ ಬಿಡಿಸಿಟ್ಟಿತು. ಆ ಕಾಯಿದೆಯಲ್ಲಿಯೂ ಮಾಲಕರ ಸಹಿ ಬೇಕಿತ್ತು, ಅಲ್ಲಿಯೂ ಅದೇ ಅಂಜಿಕೆ ಇತ್ತು. ಆದರೂ ಅಂಥದೊಂದು ಕಾಯಿದೆ ಇಲ್ಲಿ ಬಂದರೆ, ಕಾಲಮಿನಲ್ಲಿ ಬೀಳುವ ಹೆಸರಿನಿಂದ ಜಾಗ ಹೋಗುವುದಿಲ್ಲ ಎಂದು ಅದರಲ್ಲಿಯೇ ಸ್ಪಷ್ಟವಾಗಿ ಬರೆದರೆ, ನಮ್ಮ ಬೈಲಿನ ಆ ನೆರೆಯವರು ಮುಂದಿನ ಏಣೆಲಿಗೆ ತಮ್ಮದೇ ಹೆಸರಿನಲ್ಲಿ ಬೀಜ ತರಬಹುದು, ಪೈರು ಕೊಳೆತರೆ ತಮ್ಮದೇ ಖಾತೆಗೆ ಪರಿಹಾರ ಕೇಳಬಹುದು. ಅದಕ್ಕೆ ಹೊಸ ನಮೂನೆಯೇನೂ ಬೇಕಾಗಿಲ್ಲ. ನಮೂನೆ 16ರಲ್ಲಿ ಅವರ ಹೆಸರಿಗೆ ಬೇಕಾದ ಜಾಗ ಮೊದಲಿನಿಂದಲೂ ಇದೆ.